ಪುಟ್ಟ ಮಕ್ಕಳಿಗೆ ಕನ್ನಡ ಅಕ್ಷರ ಬರೆಯಲು ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿ ಕಡೆಯ ಪಾಲಕರು, ಅಜ್ಜ-ಅಜ್ಜಿಯರು, ಅಂಗನವಾಡಿ ಕಾರ್ಯಕರ್ತೆಯರು ಹಾಗೂ ಒಂದನೇ ತರಗತಿಗೆ ಹೊಸದಾಗಿ ಬಂದ ಶಿಕ್ಷಕಿಯರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದೆ. ಉತ್ತರಗಳೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿವೆ: ಹಾಳೆಯ ಮೇಲೆ ಮೂಡಿದ ಅಕ್ಷರ ಎಷ್ಟು ಚೆಂದವಾಗಿದೆ ಎಂಬುದಕ್ಕಿಂತ, ಅದನ್ನು ಬರೆಯುವಾಗ ಮಗುವಿನ ಕೈ ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಸಾಗಿತು ಎಂಬುದನ್ನು ದೊಡ್ಡವರು ಮೊದಲು ನೋಡಬೇಕು.

## ಬರವಣಿಗೆಗೆ ಮುನ್ನ

"ಮೂರು ತುಂಬಿ ನಾಲ್ಕರಾಗ ಅದಾಳ. ಇನ್ನೂ ಒಂದು ಅಕ್ಷರ ಬರಿಯಾಕ ಬರಂಗಿಲ್ಲ. ತಡ ಆತೇನ್ರಿ?"

ತಡವಾಗಿಲ್ಲ. ಸಾಮಾನ್ಯವಾಗಿ ಮಕ್ಕಳು ಮೂರರ ಹೊತ್ತಿಗೆ ವೃತ್ತವನ್ನೂ ನಾಲ್ಕರ ಹೊತ್ತಿಗೆ ಕೂಡುಗೆರೆಯನ್ನೂ (+) ನಾಲ್ಕೂವರೆಯ ಸುಮಾರಿಗೆ ಚೌಕವನ್ನೂ ಐದರ ಹೊತ್ತಿಗೆ ತ್ರಿಕೋನವನ್ನೂ ನೋಡಿ ಬರೆಯಬಲ್ಲರು. ಕನ್ನಡದ ಅಕ್ಷರಗಳು ಇವೆಲ್ಲಕ್ಕಿಂತ ಕಷ್ಟ, ಏಕೆಂದರೆ ಅವುಗಳಲ್ಲಿ ಸುಳಿ, ಬಾಗು, ತಿರುವು ಒಂದರ ಬೆನ್ನಿಗೆ ಒಂದು ಬರುತ್ತವೆ. ವೃತ್ತವನ್ನೇ ಮುಚ್ಚಲು ಬಾರದ ಕೈಯಿಂದ "ಅ" ಬರೆಸಲು ಹೊರಟರೆ ಮಗು ಅಕ್ಷರವನ್ನು ಕಲಿಯುವ ಬದಲು ಬರವಣಿಗೆ ಎಂದರೆ ಬೈಗುಳ ಎಂಬುದನ್ನು ಕಲಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಎಣಿಸಿದೆ. ಆ ಐದು ವರ್ಷಗಳಲ್ಲಿ ಮೊದಲ ಎರಡನ್ನು ಕೈಯ ತಯಾರಿಗೆ ಬಿಟ್ಟುಕೊಡಲು ಪಾಲಕರು ಹಿಂಜರಿಯಬೇಕಾಗಿಲ್ಲ.

"ಅಕ್ಷರಾಭ್ಯಾಸ ಮಾಡ್ಸೀವಿ. ಇನ್ನ ದಿನಾ ಬರಸಬೇಕಲ್ರಿ?"

ಅಕ್ಕಿಯ ಮೇಲೆ ಬೆರಳಿನಿಂದ ಬರೆಸುವ ಆ ಸಂಸ್ಕಾರವು ಮಗುವನ್ನು ಅಕ್ಷರಲೋಕಕ್ಕೆ ಬರಮಾಡಿಕೊಳ್ಳುವ ಶುಭಕಾರ್ಯ. ಅದರ ಮರುದಿನದಿಂದಲೇ ಪಾಠ ಶುರುವಾಗಬೇಕೆಂದಿಲ್ಲ. ಆದರೆ ಅದರಲ್ಲಿರುವ ಪದ್ಧತಿ ಬಹಳ ಒಳ್ಳೆಯದು: ತಟ್ಟೆಯಲ್ಲಿ ಹರಡಿದ ಧಾನ್ಯದ ಮೇಲೆ ತೋರುಬೆರಳಿನಿಂದ ಎಳೆಯುವಾಗ ಗೆರೆಯ ದಿಕ್ಕು ಬೆರಳ ತುದಿಗೆ ತಿಳಿಯುತ್ತದೆ. ತಪ್ಪಿದರೆ ತಟ್ಟೆ ಅಲುಗಾಡಿಸಿದರೆ ಸಾಕು. ಜೋಳದ ಹಿಟ್ಟು, ರವೆ, ಸೋಸಿದ ಮರಳು, ಯಾವುದಾದರೂ ಆದೀತು.

"ಕೈಯಾಗ ಬಲಾನ ಇಲ್ಲ, ಗೆರಿ ನಡಗತಾವ. ಏನ್ ಮಾಡಸಬೇಕ್ರಿ?"

ಬೆರಳುಗಳಿಗೆ ಬಲ ಬರುವುದು ಬರವಣಿಗೆಯಿಂದಲ್ಲ, ಮನೆಗೆಲಸ ಮತ್ತು ಆಟದಿಂದ. ಶೇಂಗಾ ಒಡೆಯುವುದು, ಹಸಿಕಡಲೆ ಸುಲಿಯುವುದು, ಪುಂಡಿಪಲ್ಯದ ಎಲೆ ಬಿಡಿಸುವುದು, ಹೂ ಪೋಣಿಸುವುದು, ಹಿಟ್ಟಿನ ಉಂಡೆಯನ್ನು ತಟ್ಟಿ ಪುಟ್ಟ ರೊಟ್ಟಿ ಮಾಡುವುದು, ಇವೆಲ್ಲವೂ ಹೆಬ್ಬೆರಳು ಮತ್ತು ಮೊದಲೆರಡು ಬೆರಳುಗಳು ಒಂದಾಗಿ ದುಡಿಯುವ ಕೆಲಸಗಳು. (ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಮಾತ್ರ ಮಕ್ಕಳನ್ನು ಕೂರಿಸಬೇಡಿ. ಬ್ಯಾಡಗಿ ಸುತ್ತಿನ ಮನೆಗಳಲ್ಲಿ ಇದನ್ನು ಹೇಳಲೇಬೇಕಾಗುತ್ತದೆ, ಏಕೆಂದರೆ ಅದೇ ಕೈ ಕಣ್ಣಿಗೂ ಹೋಗುತ್ತದೆ.)

ನಮ್ಮ ಭಾಗದಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಹಬ್ಬವೇ ಇದೆ. ಶಾಲೆ ತೆರೆಯುವ ದಿನಗಳ ಆಸುಪಾಸಿನಲ್ಲಿ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಗುವಿನ ಕೈಗೆ ಹದ ಮಾಡಿದ ಎರೆಮಣ್ಣು ಕೊಟ್ಟು ನೋಡಿ. ಎತ್ತಿನ ಹೊಟ್ಟೆಗೆ ಅಂಗೈ ಸಾಕು. ಇಣಿಯನ್ನು ಉಬ್ಬಿಸಲು ಹೆಬ್ಬೆರಳು ಒತ್ತಬೇಕು, ಕೋಡನ್ನು ಹೊಸೆಯಲು ಎರಡು ಬೆರಳ ತುದಿಗಳೇ ಬೇಕು. ಅಂಗೈಯಿಂದ ಬೆರಳ ತುದಿಗೆ ಹೀಗೆ ಇಳಿದು ಬಂದ ಹಿಡಿತವೇ ಮುಂದೆ ಬಳಪವನ್ನು ಆಳುತ್ತದೆ. ಅಂಗಡಿಯಿಂದ ಸಿದ್ಧ ಎತ್ತುಗಳನ್ನು ತಂದು ಪೂಜೆ ಮುಗಿಸುವ ಮನೆಗಳಲ್ಲಿ, ಒಂದು ಜೋಡಿಯನ್ನಾದರೂ ಮಕ್ಕಳೇ ಮಾಡಲಿ ಎಂದು ನಾನು ಒತ್ತಾಯಿಸುತ್ತೇನೆ.

"ಪಾಟಿ ಬಳಪ ಇನ್ನೂ ಬೇಕೇನ್ರಿ? ಒಮ್ಮೆಲೆ ನೋಟಬುಕ್ ಕೊಟ್ರ ನಡಿಯಂಗಿಲ್ಲೇನು?"

ಪಾಟಿ ಬೇಕು. ಬಳಪವು ಪಾಟಿಯ ಮೇಲೆ ತುಸು ಕಚ್ಚಿಕೊಂಡು ಸಾಗುವುದರಿಂದ ಗೆರೆ ಎಲ್ಲಿ ತಿರುಗಿತು ಎಂಬುದು ಕೈಗೆ ಗೊತ್ತಾಗುತ್ತದೆ, ನುಣುಪು ಹಾಳೆಯ ಮೇಲೆ ಅಷ್ಟು ಗೊತ್ತಾಗುವುದಿಲ್ಲ. ತಪ್ಪಾದುದು ಒಂದು ಒರೆಸಿಗೆ ಹೋಗುತ್ತದೆ, ಮಗುವಿನ ಹಿಂದೆ ತಪ್ಪುಗಳ ದಾಖಲೆ ಬೆಳೆಯುವುದಿಲ್ಲ. ಮುರಿದ ಬಳಪದ ತುಂಡುಗಳನ್ನು ಎಸೆಯಬೇಡಿ: ಒಂದಂಗುಲದ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲವಾದ್ದರಿಂದ ಮಗು ತಾನಾಗಿಯೇ ಬೆರಳ ತುದಿಗಳಲ್ಲಿ ಹಿಡಿಯುತ್ತದೆ. ಅಕ್ಷರದ ದಾರಿ ಪಾಟಿಯ ಮೇಲೆ ಗಟ್ಟಿಯಾದ ನಂತರ ಪೆನ್ಸಿಲ್ಲು ಮತ್ತು ಹಾಳೆಗೆ ಹೋಗಬಹುದು.

"ಪೆನ್ಸಿಲ್ ಹೆಂಗ ಹಿಡಿಬೇಕು? ಅವನ ಕೈ ನೋಡಿದ್ರ ನನಗ ಸಂಕಟ ಆಗ್ತದ."

ಹೆಬ್ಬೆರಳು ಮತ್ತು ತೋರುಬೆರಳು ಎರಡು ಬದಿಯಿಂದ ಹಿಡಿದು, ನಡುಬೆರಳ ಮೇಲೆ ಪೆನ್ಸಿಲ್ಲು ಒರಗಿರುವುದು ಎಲ್ಲರಿಗೂ ಗೊತ್ತಿರುವ ಹಿಡಿತ. ಉಂಗುರ ಬೆರಳೂ ಆಸರೆ ಕೊಡುವ ನಾಲ್ಕು ಬೆರಳಿನ ಹಿಡಿತವೂ ತಪ್ಪಲ್ಲ. ಬೆರಳುಗಳು ಅಲುಗಾಡಲು ಎಡೆಯಿದೆಯೇ, ಕೈ ಬೇಗ ದಣಿಯುತ್ತದೆಯೇ ಎಂಬುದನ್ನಷ್ಟೇ ನೋಡಿ. ಬೆರಳ ತುದಿ ಬಿಳಿಚುವಷ್ಟು ಒತ್ತುತ್ತಿದ್ದರೆ, ಹಾಳೆಯ ಹಿಂಬದಿಯಲ್ಲಿ ಗೆರೆ ಉಬ್ಬಿ ಬರುತ್ತಿದ್ದರೆ, ಕೆಲಕಾಲ ಪಾಟಿಗೆ ಮರಳುವುದು ಮೇಲು.

## ಮೊದಲ ಅಕ್ಷರಗಳು

"ಮನ್ಯಾಗ ನಾವು ಅ ಆ ಇ ಈ ಕಲಸೀವಿ. ಸಾಲ್ಯಾಗ ರ ಗ ಸ ದ ಅಂತ ಶುರು ಮಾಡ್ಯಾರ. ಇದ್ಯಾವ ಕ್ರಮ?"

ಎರಡೂ ಸರಿ, ಎರಡರ ಕೆಲಸ ಬೇರೆ ಬೇರೆ. ಹದಿಮೂರು ಸ್ವರ, ಎರಡು ಯೋಗವಾಹ, ಮೂವತ್ನಾಲ್ಕು ವ್ಯಂಜನಗಳ ವರ್ಣಮಾಲೆಯು ಬಾಯಿಯಲ್ಲಿ ಧ್ವನಿ ಹುಟ್ಟುವ ಜಾಗವನ್ನು ಅನುಸರಿಸಿ ಜೋಡಿಸಿದ್ದು. ಹಾಡಲು, ನೆನಪಿಡಲು ಅದಕ್ಕಿಂತ ಅಚ್ಚುಕಟ್ಟಾದ ಕ್ರಮ ಇನ್ನೊಂದಿಲ್ಲ. ಆದರೆ ಆ ಕ್ರಮವು ಕೈಯ ಕಷ್ಟ-ಸುಲಭಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. "ಇ", "ಈ", "ಋ" ಅದರಲ್ಲಿ ಮೊದಲೇ ಬರುತ್ತವೆ, ಎಳೆಯ ಕೈಗೆ ಅವು ಬಲು ತೊಡಕು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯು ಬರೆಯಲು ಸುಲಭವಾದ, ಬೇಗ ಪದಗಳಾಗುವ ಅಕ್ಷರಗಳನ್ನು ಗುಂಪು ಮಾಡಿಕೊಂಡು ಹೊರಡುತ್ತದೆ. ಮೊದಲ ಗುಂಪಿನ ರ, ಗ, ಸ, ದ, ಅ ಬಂದರೆ ಸಾಕು, ಮಗು ಸರ, ರಸ, ಅರಸ, ಅಗಸ ಎಂದು ಬರೆಯಬಲ್ಲದು. ಗದಗದ ಮಕ್ಕಳಿಗಂತೂ ಆ ಮೊದಲ ಗುಂಪಿನಲ್ಲೇ ತಮ್ಮ ಊರ ಹೆಸರು ಸಿಗುತ್ತದೆ, ಅದಕ್ಕೆ ಎರಡೇ ಅಕ್ಷರ ಸಾಕು. ಮುಂದಿನ ಗುಂಪಿನ ಜ, ವ, ಮ, ಬ, ನ ಸೇರಿದೊಡನೆ ಬಸವ, ಜನ, ಮರ, ವನ ಬರುತ್ತವೆ. ಮಗು ತಾನು ಬರೆದ ಗೆರೆಗಳಿಗೆ ಅರ್ಥವಿದೆ ಎಂದು ಒಂದೆರಡು ವಾರಗಳಲ್ಲೇ ಕಂಡುಕೊಳ್ಳುವುದು ಬಹಳ ದೊಡ್ಡ ಲಾಭ. ಆದ್ದರಿಂದ ಮನೆಯಲ್ಲಿ ವರ್ಣಮಾಲೆಯನ್ನು ಹಾಡಿಸಿ, ಬರೆಸುವಾಗ ಶಾಲೆಯ ಕ್ರಮವನ್ನೇ ಹಿಡಿಯಿರಿ.

"ಚುಕ್ಕಿ ಕೂಡಿಸಿ ಬರಿಯೋ ಪುಸ್ತಕ ತಂದೀವಿ. ದಿನಾ ನಾಕು ಪುಟ ತಿದ್ದಸ್ತೀವಿ. ಆದ್ರೂ ತಾನಾಗೇ ಬರಿಯಾಕ ಬರಂಗಿಲ್ಲ ಯಾಕ?"

ತಿದ್ದುವಾಗ ಮಗುವಿನ ಕಣ್ಣು ಮುಂದಿನ ಚುಕ್ಕೆಯ ಮೇಲಿರುತ್ತದೆಯೇ ಹೊರತು ಅಕ್ಷರದ ಮೇಲಲ್ಲ. ಚುಕ್ಕೆಗಳು ದಾರಿಯನ್ನು ತೋರಿಸಿಬಿಡುವುದರಿಂದ ಮನಸ್ಸು ಆ ದಾರಿಯನ್ನು ನೆನಪಿಡುವ ಶ್ರಮವನ್ನೇ ಪಡುವುದಿಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಮೂರು ಬಗೆಯಲ್ಲಿ ಕಲಿಸಲಾಯಿತು: ಸ್ವತಃ ಬರೆದು, ಗೆರೆಯ ಮೇಲೆ ತಿದ್ದಿ, ಕೀಲಿಮಣೆ ಒತ್ತಿ. ಆಮೇಲೆ ಆ ಅಕ್ಷರಗಳನ್ನು ನೋಡುವಾಗ ಓದಿಗೆ ಸಂಬಂಧಪಟ್ಟ ಮಿದುಳಿನ ಭಾಗಗಳು ಎದ್ದು ಕೆಲಸ ಮಾಡಿದ್ದು ಸ್ವತಃ ಬರೆದು ಕಲಿತ ಅಕ್ಷರಗಳಿಗೇ. ಅವು ಇಂಗ್ಲಿಷಿನ ಅಕ್ಷರಗಳಾದರೂ ಅದರಿಂದ ತಿಳಿಯುವ ವಿಷಯ ನಮಗೂ ಸಲ್ಲುತ್ತದೆ.

ತಿದ್ದುವುದನ್ನು ಪೂರ್ತಿ ಬಿಡಬೇಕಿಲ್ಲ. ಎರಡು ಮೂರು ಸಲ ತಿದ್ದಲಿ, ಆಮೇಲೆ ಪಾಟಿಯನ್ನು ಒರೆಸಿ, ನೋಡದೆ ಒಂದು ಸಲ ಬರೆಯಲಿ. ಸೊಟ್ಟಗಾದರೂ ಆ ಒಂದು ಅಕ್ಷರವೇ ನಾಲ್ಕು ಪುಟಕ್ಕಿಂತ ಹೆಚ್ಚು ಕಲಿಸುತ್ತದೆ.

"ಅಕ್ಷರ ಚಂದ ಬರ್ತಾವ್ರಿ, ಆದ್ರ ಕೆಳಗಿಂದ ಮ್ಯಾಲೆ, ಹಿಂದಮುಂದ ಬರೀತಾಳ. ಹಂಗ ಬಿಟ್ರ ನಡೀತದೇನು?"

ಬಿಡಬೇಡಿ. ಇದು ಮೊದಲ ಕೆಲವು ತಿಂಗಳಲ್ಲಿ ಮಾತ್ರ ಸುಲಭವಾಗಿ ತಿದ್ದಬಹುದಾದ ಅಭ್ಯಾಸ. ದಾರಿ ತಪ್ಪಿದ್ದರೂ ಒಂದೊಂದೇ ಅಕ್ಷರ ಬರೆಯುವಾಗ ಏನೂ ತೋರುವುದಿಲ್ಲ. ಮೂರನೇ ತರಗತಿಯಲ್ಲಿ ಉಕ್ತಲೇಖನ ಬರೆಯುವಾಗ ಕೈ ಪ್ರತಿ ಅಕ್ಷರಕ್ಕೂ ಹಿಂದೆ ಹೋಗಿ ಬರಬೇಕಾಗಿ, ಮಗು ಎಲ್ಲರಿಗಿಂತ ಹಿಂದುಳಿಯುತ್ತದೆ.

ತಲೆಕಟ್ಟು ಇರುವ ಅಕ್ಷರಗಳಲ್ಲಿ ಮೊದಲು ಒಡಲನ್ನು ಬರೆದು ಕೊನೆಗೆ ತಲೆಕಟ್ಟು ಹಾಕುವ ಕ್ರಮ ನನಗೆ ಹೆಚ್ಚು ಒಪ್ಪಿಗೆಯಾದುದು. ಕಾಗುಣಿತಕ್ಕೆ ಬಂದಾಗ ಒಡಲು ಹಾಗೆಯೇ ಉಳಿದು ಮೇಲಿನ ಭಾಗವೇ ಬಹುಪಾಲು ಬದಲಾಗುವುದರಿಂದ ಈ ಕ್ರಮ ಆಗ ನೆರವಿಗೆ ಬರುತ್ತದೆ. ಶಾಲೆಯಲ್ಲಿ ಬೇರೆ ಕ್ರಮ ಹೇಳಿಕೊಟ್ಟಿದ್ದರೆ ಅದನ್ನೇ ಪಾಲಿಸಿ. ಎರಡು ದಾರಿ ತೋರಿಸುವುದು ಯಾವ ಒಂದು ದಾರಿಗಿಂತಲೂ ಕೆಟ್ಟದ್ದು. ಕಲಿಸುವಾಗ ಎದುರು ಕೂರಬೇಡಿ, ಮಗುವಿಗೆ ನಿಮ್ಮ ಗೆರೆ ತಿರುವುಮುರುವಾಗಿ ಕಾಣುತ್ತದೆ. ಪಕ್ಕದಲ್ಲಿ ಕುಳಿತು, ನಿಮ್ಮ ಕೈ ಅಕ್ಷರವನ್ನು ಮರೆಮಾಡದಂತೆ, ನಿಧಾನವಾಗಿ, ಬಾಯಲ್ಲಿ ಹೇಳುತ್ತಾ ಬರೆದು ತೋರಿಸಿ.

"ನಮ್ಮ ಹುಡುಗ ಎಡಗೈಲೆ ಬರೀತಾನ. ಅತ್ತಿಯವರು ಬಿಡಸ್ರಿ ಅಂತಾರ. ಏನ್ ಮಾಡೋಣು?"

ಬಿಡಿಸಬಾರದು. ಸುಮಾರು ಹತ್ತು ಜನರಲ್ಲಿ ಒಬ್ಬರು ಎಡಗೈಯವರು, ಅದು ಹುಟ್ಟಿನಿಂದ ಬಂದ ಒಲವು. ಊಟ, ಪೂಜೆಯ ವಿಷಯದಲ್ಲಿ ಹಿರಿಯರ ಮನಸ್ಸಿಗೆ ನೋವಾಗದಂತೆ ಮನೆಯವರು ಮಾತಾಡಿಕೊಂಡು ತೀರ್ಮಾನಿಸಬಹುದು. ಬರವಣಿಗೆಯನ್ನು ಮಾತ್ರ ಅದರೊಡನೆ ಬೆರೆಸಬೇಡಿ. ಎಡಗೈಯ ಮಗುವಿಗೆ ಹಾಳೆಯನ್ನು ಎದೆಯ ನಡುವಿನಿಂದ ತುಸು ಎಡಕ್ಕೆ ಇಟ್ಟು, ಹಾಳೆಯ ಬಲಗಡೆಯ ಕೆಳಮೂಲೆ ಎದೆಯ ಕಡೆಗೆ ಬರುವಂತೆ ಓರೆ ಮಾಡಿ. ಪೆನ್ಸಿಲ್ಲನ್ನು ಮೊನೆಯಿಂದ ಸ್ವಲ್ಪ ಮೇಲೆ ಹಿಡಿದರೆ ಬರೆದದ್ದು ಕಾಣುತ್ತದೆ, ಕೈಗೆ ಮಸಿಯಾಗುವುದೂ ಕಡಿಮೆ. ತರಗತಿಯ ಬೆಂಚಿನಲ್ಲಿ ಅವನನ್ನು ಎಡತುದಿಗೆ ಕೂರಿಸಲು ಅಕ್ಕಾರಿಗೆ (ಶಿಕ್ಷಕಿಗೆ) ಹೇಳಿ, ಇಲ್ಲದಿದ್ದರೆ ಪಕ್ಕದವನ ಬಲಮೊಣಕೈಗೂ ಇವನ ಎಡಮೊಣಕೈಗೂ ದಿನವಿಡೀ ಜಗಳ.

"ಪ ಅಂದ್ರ ವ ಬರೀತಾಳ, ದ ಅಂದ್ರ ಧ. ಕೆಲವೊಮ್ಮೆ ಅಕ್ಷರಾನ ತಿರುಗಿ ಹಾಕ್ತಾಳ."

ಆರೇಳು ವರ್ಷದವರೆಗೆ ಅಕ್ಷರ ತಿರುಗಿಸಿ ಬರೆಯುವುದು ಸಾಮಾನ್ಯ. ರೂಪ ಹೋಲುವ ಅಕ್ಷರಗಳ ಗೊಂದಲಕ್ಕೆ ಬೇರೆ ಮದ್ದಿದೆ. ಅವನ್ನು ಮೊದಲಿಗೇ ಒಟ್ಟಿಗೆ ಕಲಿಸಬೇಡಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತನ್ನಿ. ಇನ್ನೊಂದು ಬಂದಾಗ ಎರಡನ್ನೂ ಅಕ್ಕಪಕ್ಕ ಬರೆದು ವ್ಯತ್ಯಾಸದ ಜಾಗಕ್ಕೆ ಮಗುವಿನ ಬೆರಳನ್ನೇ ಇಡಿಸಿ: "ರ"ದ ಒಳಗೆ ಚುಕ್ಕೆ ಬಂದರೆ "ಠ", "ದ"ದ ಹೊಟ್ಟೆ ಸೀಳಿದರೆ "ಧ", "ಪ"ದ ಒಳಗೆ ಗೆರೆ ಎಳೆದರೆ "ಷ". ಇದರೊಂದಿಗೆ ಉಚ್ಚಾರವನ್ನೂ ಸ್ಪಷ್ಟವಾಗಿ ಕೇಳಿಸಬೇಕು. ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ಅಷ್ಟಾಗಿ ಕೇಳಿಸುವುದಿಲ್ಲವಾದ್ದರಿಂದ, ಧಾರವಾಡದ "ಧ"ವನ್ನು ಮಗು "ದ" ಎಂದು ಬರೆದರೆ ಅದು ಕೈಯ ತಪ್ಪಲ್ಲ, ಕಿವಿಗೆ ಬಿದ್ದದ್ದನ್ನೇ ನಿಷ್ಠೆಯಿಂದ ಬರೆದಿದೆ.

## ಕಾಗುಣಿತ ಮತ್ತು ಒತ್ತಕ್ಷರ

"ಅಕ್ಷರ ಎಲ್ಲಾ ಬರ್ತಾವ. ಕಾಗುಣಿತಕ್ಕ ಬಂದ ಕೂಡಲೇ ಗಾಡಿ ನಿಂತುಬಿಡ್ತದ."

ಅಂ, ಅಃ ಸೇರಿ ಒಂದೊಂದು ವ್ಯಂಜನಕ್ಕೆ ಹದಿನೈದು ರೂಪ. ಮೂವತ್ನಾಲ್ಕು ವ್ಯಂಜನಗಳಿಗೆ ಒಟ್ಟು 510. ಇಷ್ಟನ್ನೂ ಬಿಡಿಬಿಡಿಯಾಗಿ ಉರುಹೊಡೆಸಲು ಹೊರಟಾಗಲೇ ಮಗು ಕೈಚೆಲ್ಲುವುದು. ಅದರ ಬದಲು ಅಕ್ಷರದ ಯಾವ ಭಾಗ ಉಳಿಯುತ್ತದೆ, ಯಾವುದು ಬದಲಾಗುತ್ತದೆ ಎಂಬುದನ್ನು ತೋರಿಸಬೇಕು.

ಪಾಟಿಯ ಮೇಲೆ "ಕ" ಬರೆಯಿರಿ. ಅದರ ತಲೆಕಟ್ಟನ್ನಷ್ಟೇ ಬೆರಳಿನಿಂದ ಒರೆಸಿ, ಆ ಜಾಗದಲ್ಲಿ ಗುಡಿಸು ಹಾಕಿದರೆ "ಕಿ" ಆಯಿತು. ಗುಡಿಸನ್ನು ಒರೆಸಿ ಏತ್ವ ಕೊಟ್ಟರೆ "ಕೆ". ಅದನ್ನೂ ಒರೆಸಿ ತಲೆಕಟ್ಟನ್ನು ಮರಳಿ ಹಾಕಿ, ಬಲಕ್ಕೆ ಕೊಂಬು ಎಳೆದರೆ "ಕು". ಅಂದರೆ ಗುಡಿಸು ಮತ್ತು ಏತ್ವಗಳು ತಲೆಕಟ್ಟಿನ ಜಾಗವನ್ನು ಆಕ್ರಮಿಸುತ್ತವೆ, ಕೊಂಬು ಮತ್ತು ವಟ್ರಸುಳಿಗಳು ಅದನ್ನು ಹಾಗೆಯೇ ಬಿಡುತ್ತವೆ. ಈ ಒರೆಸಿ-ಬರೆಯುವ ಆಟ ಪಾಟಿಯ ಮೇಲೆ ಮಾತ್ರ ಸಾಧ್ಯ, ಹಾಳೆಯ ಮೇಲೆ ಇಲ್ಲ. "ಕ" ಮತ್ತು "ಗ" ಚೆನ್ನಾಗಿ ಬಂದ ಮೇಲೆ ಉಳಿದ ತಲೆಕಟ್ಟಿನ ಅಕ್ಷರಗಳು ಬೇಗ ಹಿಂಬಾಲಿಸುತ್ತವೆ.

ತಲೆಕಟ್ಟೇ ಇಲ್ಲದ ವ್ಯಂಜನಗಳು ಎಂಟು: ಖ, ಙ, ಜ, ಞ, ಟ, ಣ, ಬ, ಲ. ಇವನ್ನು ಎರಡನೆಯ ಕಂತಿಗೆ ಇಟ್ಟುಕೊಳ್ಳಿ. "ಪು", "ಫು", "ವು"ಗಳಲ್ಲಿ ಕೊಂಬು ಪಕ್ಕಕ್ಕೆ ಬಾರದೆ ಕೆಳಗೆ ಅಂಟಿಕೊಳ್ಳುತ್ತದೆ. "ವ"ದ ಪಕ್ಕದಲ್ಲಿ ಕೊಂಬು ಎಳೆದರೆ ಅದು "ಮ"ದಂತೆ ಕಂಡುಬಿಡುತ್ತದೆ. ಈ ಕಾರಣವನ್ನು ಹೇಳಿದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ, ಮತ್ತೆ ಮರೆಯುವುದಿಲ್ಲ. ತಲೆಕಟ್ಟು, ಇಳಿ, ಗುಡಿಸು, ಕೊಂಬು ಎಂಬ ಹೆಸರುಗಳನ್ನು ಹೇಳುತ್ತಲೇ ಬರೆಸುವ ಹಳೆಯ ಪದ್ಧತಿಯನ್ನು ಬಿಡಬಾರದು. ಆ ಹೆಸರುಗಳೇ ಕೈಗೆ ಕೊಡುವ ಸೂಚನೆ.

"ಸೂರ್ಯ ಅಂತ ಹೇಳಿದ್ರ ಸೂಯ್ರ ಅಂತ ಬರೀತಾನ. ಒತ್ತಕ್ಷರ ಹೆಂಗ ಹೇಳಿಕೊಡಬೇಕು?"

ಅರ್ಕಾವತ್ತಿನಲ್ಲಿ ಮೊದಲು ಕೇಳಿಸುವ "ರ್" ಬರವಣಿಗೆಯಲ್ಲಿ ಆಮೇಲೆ ಬರುತ್ತದೆ. ಕಿವಿಯನ್ನು ನಂಬಿ ಬರೆಯುವ ಮಗು ಎಡವುವುದು ಸಹಜ, ಹಾಗಾಗಿ ಇದನ್ನು ಎಲ್ಲ ಒತ್ತುಗಳ ನಂತರ ಕಲಿಸಿ.

ಮೊದಲು ಸಜಾತಿಯ ಒತ್ತುಗಳು: ಅಕ್ಕ, ಅಪ್ಪ, ಹಬ್ಬ. ಹೆಚ್ಚಿನ ಒತ್ತುಗಳು ಆಯಾ ಅಕ್ಷರದ ಪುಟ್ಟ, ತಲೆಕಟ್ಟಿಲ್ಲದ ರೂಪಗಳೇ. "ಹುಬ್ಬಳ್ಳಿ" ಬರೆಯುವ ಮಗು ಬ ಮತ್ತು ಳ ಎರಡರ ಒತ್ತನ್ನೂ ಕಂಡೊಡನೆ ಗುರುತಿಸುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮಾತ್ರ ಮೂಲ ಅಕ್ಷರವನ್ನು ಹೋಲುವುದಿಲ್ಲ, ಅವನ್ನು ಬೇರೆಯಾಗಿಯೇ ಕಲಿಸಬೇಕು. "ರಾಣೆಬೆನ್ನೂರು" ಬರೆಯುವಾಗ ಹಾವೇರಿ ಜಿಲ್ಲೆಯ ಮಕ್ಕಳು "ನ"ದ ಕೆಳಗೆ ಇನ್ನೊಂದು ಸಣ್ಣ "ನ" ಬರೆದಿಡುವುದು ಇದೇ ಕಾರಣಕ್ಕೆ. ಲಕ್ಷ್ಮೇಶ್ವರವನ್ನು ಎರಡನೇ ತರಗತಿಯ ಉಕ್ತಲೇಖನದಲ್ಲಿ ಕೊಡುವವರಿಗೆ ನನ್ನದೊಂದು ವಿನಂತಿ: ಮೂರು ವ್ಯಂಜನ ಒಂದರ ಕೆಳಗೊಂದು ನಿಲ್ಲುವ ಅಕ್ಷರವನ್ನು ಇನ್ನೊಂದು ವರ್ಷ ಕಾಯಿಸಿ.

## ಅಭ್ಯಾಸ ಮತ್ತು ತೊಡಕುಗಳು

"ದಿನಕ್ಕ ಎಷ್ಟು ಕಾಪಿ ಬರಸಬೇಕು?"

ಐದಾರು ವರ್ಷದ ಮಗುವಿಗೆ ಒಂದು ಹೊತ್ತಿಗೆ ಹತ್ತು ನಿಮಿಷ ಸಾಕು. ಒಂದೇ ಅಕ್ಷರವನ್ನು ಪುಟ ತುಂಬ ಬರೆಸಿದಾಗ ಗಮನಿಸಿ: ಮೊದಲ ಸಾಲು ಚೆನ್ನಾಗಿರುತ್ತದೆ, ಆಮೇಲಿನ ಸಾಲುಗಳು ಇಳಿಯುತ್ತ ಹೋಗುತ್ತವೆ, ಏಕೆಂದರೆ ಮಗು ಮೇಲ್ಪಂಕ್ತಿಯನ್ನು ಬಿಟ್ಟು ತನ್ನದೇ ಹಿಂದಿನ ಸಾಲನ್ನು ನೋಡಿ ಬರೆಯುತ್ತಿರುತ್ತದೆ. ಐದು ಸಲ ಬರೆದು, ಅದರಲ್ಲಿ ಎಲ್ಲಕ್ಕಿಂತ ಚೆನ್ನಾದುದು ಯಾವುದೆಂದು ಮಗುವೇ ಸುತ್ತು ಹಾಕಲಿ. ಬರವಣಿಗೆಯನ್ನು ಶಿಕ್ಷೆಯಾಗಿ ಎಂದೂ ಕೊಡಬೇಡಿ.

"ಕನ್ನಡ, ಇಂಗ್ಲಿಷ್ ಕೂಡೇ ಬರಸ್ತಾರ. ಮನ್ಯಾಗ ಮರಾಠಿ. ಮಗೂಗ ಗೊಂದಲ ಆಗಂಗಿಲ್ಲೇನು?"

ಮಕ್ಕಳು ಎರಡು ಲಿಪಿ ಕಲಿಯಬಲ್ಲರು, ಈ ಭಾಗದಲ್ಲಿ ಅದು ಹೊಸತೂ ಅಲ್ಲ. ಆದರೆ ಪ್ರತಿ ಲಿಪಿಗೂ ಗೆರೆಯೊಂದಿಗೆ ತನ್ನದೇ ನಂಟಿದೆ: ಕನ್ನಡದ ಅಕ್ಷರ ಗೆರೆಯ ಮೇಲೆ ಕೂರುತ್ತದೆ ಮತ್ತು ಒತ್ತು ಕೆಳಗಿಳಿಯುತ್ತದೆ, ಮರಾಠಿ-ಹಿಂದಿಯ ಅಕ್ಷರ ಮೇಲಿನ ಗೆರೆಯಿಂದ ಜೋತುಬೀಳುತ್ತದೆ, ಇಂಗ್ಲಿಷಿಗೆ ನಾಲ್ಕು ಗೆರೆ ಬೇಕು, ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ. ಒಂದೊಂದಕ್ಕೂ ಬೇರೆ ನೋಟ್‌ಬುಕ್, ಬೇರೆ ಹೊತ್ತು ಇಟ್ಟುಕೊಳ್ಳಿ.

"ಎರಡನೇತ್ತೆ ಮುಗೀತು, ಇನ್ನೂ ಬರಿಯಾಕ ಅಳ್ತಾನ. ಡಾಕ್ಟರಿಗೆ ತೋರಸಬೇಕೇನ್ರಿ?"

ಮೊದಲು ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ. ಬಾಯಲ್ಲಿ ಚುರುಕಾಗಿ ಉತ್ತರ ಹೇಳುವ ಮಗುವಿಗೆ ಏಳೆಂಟು ವರ್ಷವಾದರೂ ಪರಿಚಿತ ಅಕ್ಷರಗಳು ನೆನಪಾಗದಿದ್ದರೆ, ಹಲಗೆಯಿಂದ ಒಂದು ಸಾಲು ಇಳಿಸಿಕೊಳ್ಳಲಾಗದಿದ್ದರೆ, ಗುಂಡಿ ಹಾಕಿಕೊಳ್ಳುವಂಥ ಕೆಲಸಗಳೂ ಕಷ್ಟವಾಗಿದ್ದರೆ ತಜ್ಞರಿಗೆ ತೋರಿಸುವುದೇ ಸರಿ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿದೆ, ಅದು ಸೋಮಾರಿತನವೂ ದಡ್ಡತನವೂ ಅಲ್ಲ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹ್ಯಾನ್ಸ್‌ನಲ್ಲಿ ಅಥವಾ ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲೂ ವಿಶೇಷ ಅಗತ್ಯವುಳ್ಳ ಮಕ್ಕಳ ಬಗ್ಗೆ ಕೇಳಿ ನೋಡಿ. ಹೋಗುವಾಗ ಮಗುವಿನ ಹಳೆಯ ಮತ್ತು ಹೊಸ ನೋಟ್‌ಬುಕ್ ಎರಡನ್ನೂ ಒಯ್ಯಿರಿ, ನೀವು ತಿದ್ದಿಕೊಟ್ಟ ಪುಟಗಳನ್ನಲ್ಲ, ಮಗು ಒಬ್ಬನೇ ಕುಳಿತು ಬರೆದ ಪುಟಗಳನ್ನು ತೋರಿಸಿ.